ಮೂರು ಗೇಣು ಕೆಳಗೆ

ಹೊಳೆಯ ಪಕ್ಕದ ಆ ಬೀದಿಯಲ್ಲಿ ಅರವತ್ತೆರಡು ಮನೆಗಳು. ಅರವತ್ತೆರಡರ ಹೊರಗೋಡೆಯ ಮೇಲೂ ಒಂದೊಂದು ನೀಲಿ ಗೆರೆ. ಎರಡು ಬೆರಳು ದಪ್ಪದ ಅಡ್ಡಗೆರೆ, ಪಕ್ಕದಲ್ಲಿ ಪುಟ್ಟ ಅಂಕಿಗಳಲ್ಲಿ ತಾರೀಕು. ನಾಲ್ಕು ವರ್ಷದ ಹಿಂದೆ ಹೊಳೆ ಉಕ್ಕಿ ಬೀದಿಗೆ ನುಗ್ಗಿದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂಬುದರ ಗುರುತು ಅದು. ಎಳೆದವಳು ಪೇಂಟರಮ್ಮ. ಎಳೆದ ಅರವತ್ತೆರಡೂ ಸುಳ್ಳು.

ಸುಳ್ಳು ಅಂದಕೂಡಲೇ ಅವಳನ್ನು ಕೆಟ್ಟವಳು ಅಂದುಕೊಳ್ಳಬೇಡಿ. ಆ ಸುಳ್ಳು ಹುಟ್ಟಿದ್ದು ಅತ್ತೆಯ ಮೇಲಿನ ಅಕ್ಕರೆಯಿಂದ. ಅತ್ತೆಯ ಮೇಲಿನ ಅಕ್ಕರೆಗೆ ಸೊಸೆಯೊಬ್ಬಳು ಇಡೀ ಬೀದಿಗೆ ಸುಳ್ಳು ಬರೆದಳು ಎನ್ನುವುದು ದಿನಾ ಕೇಳುವ ಸುದ್ದಿಯಲ್ಲ, ಆದ್ದರಿಂದ ಮೊದಲಿನಿಂದಲೇ ಹೇಳುವುದು ಒಳ್ಳೆಯದು.

ಪೇಂಟರಮ್ಮನ ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ನಿನಗೆ ಗಂಡುಮಕ್ಕಳಿಲ್ಲವಲ್ಲ ಎಂದು ಯಾರಾದರೂ ಮರುಗಿದರೆ, "ಬ್ರಷ್ಷಿಗೆ ಗಂಡು ಹೆಣ್ಣು ಗೊತ್ತಾಗಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ. ಮಗಳು ಹನ್ನೆರಡಕ್ಕೆ ಬಣ್ಣ ಕಲಸಲು ಕಲಿತಳು, ಹದಿನಾರಕ್ಕೆ ಏಣಿ ಹತ್ತಿದಳು. ಟೈಲರನ್ನು ಮದುವೆಯಾಗಿ ಈ ಬೀದಿಗೆ ಬಂದವಳು ಮಾಡಿದ ಮೊದಲ ಕೆಲಸ ಗಂಡನ ಅಂಗಡಿಯ ಬೋರ್ಡನ್ನು ಅಳಿಸಿ ಮತ್ತೆ ಬರೆದದ್ದು. ಹಳೆಯದು ಸೊಟ್ಟಗಿತ್ತಂತೆ. ಮುಂದೆ ಫ್ಲೆಕ್ಸ್ ಬ್ಯಾನರುಗಳು ಬಂದು ಬೋರ್ಡು ಬರೆಯುವವರೆಲ್ಲ ಕೈಚೆಲ್ಲಿ ಕೂತಾಗಲೂ ಅವಳ ಬ್ರಷ್ಷು ಒಣಗಲಿಲ್ಲ. ಕರೆಂಟು ಕಂಬಗಳ ನಂಬರು, ಶಾಲೆಯ ಗೋಡೆಯ ಮಗ್ಗಿ, ಬಸ್ ಸ್ಟ್ಯಾಂಡಿನ ‘ಇಲ್ಲಿ ಉಗುಳಬೇಡಿ’, ಎಲ್ಲ ಅವಳದೇ. ಉಗುಳುವವರು ಉಗುಳುತ್ತಲೇ ಇದ್ದರು, ಆದರೆ ಅಕ್ಷರ ಚೆನ್ನಾಗಿದೆ ಎಂದು ಒಪ್ಪಿಕೊಂಡು ಉಗುಳುತ್ತಿದ್ದರು. ಈಗ ಅವಳಿಗೆ ಐವತ್ತಮೂರು.

ಹೊಳೆ ಬೀದಿಗೆ ಬರುವುದು ಹಿಂದೆಲ್ಲ ಜೀವಮಾನಕ್ಕೊಂದು ಸಲದ ಮಾತು. ನೋಡಿದವರು ಅದನ್ನೇ ಸಾಯುವವರೆಗೆ ಹೇಳಿಕೊಂಡಿರುತ್ತಿದ್ದರು. ಈಗ ಹೇಳಿ ಮುಗಿಸುವುದರೊಳಗೆ ಇನ್ನೊಂದು ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೂರು ಸಲ ಬಂತು. ನಾಲ್ಕು ವರ್ಷದ ಹಿಂದಿನ ಆ ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮನೆಯೊಳಗೆ ನಿಂತಿದ್ದ ಅತ್ತೆಯ ಗಲ್ಲಕ್ಕೆ ನೀರು ಮುಟ್ಟಿದಾಗ ಟೈಲರ್ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿದ. ಮೂವರೂ ತಾರಸಿಯಲ್ಲಿ ಒಂದು ಟಾರ್ಪಾಲಿನ ಕೆಳಗೆ ಎರಡು ದಿನ ಕೂತರು. ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕೆಸರಿನ ಕಲೆಯೂ ಸರಿಯಾಗಿ ಅತ್ತೆಯ ಗಲ್ಲದ ಎತ್ತರಕ್ಕೇ ಇತ್ತು.

ಅಲ್ಲಿಂದ ಅತ್ತೆ ಅತ್ತೆಯಾಗಿ ಉಳಿಯಲಿಲ್ಲ. ಸೊಸೆಯ ಉಪ್ಪು ಖಾರದಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟರು ಅಂದರೆ ನೋಡಿ. ಮಳೆಯ ಸದ್ದು ಕೇಳಿದರೆ ಸಾಕು, ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಊಟಕ್ಕೆ ಕರೆದರೆ "ಆಮೇಲೆ" ಅನ್ನುತ್ತಿದ್ದರು. ಆ ಆಮೇಲೆ ಬರುತ್ತಿರಲಿಲ್ಲ.

ತಿಂಗಳು ಕಳೆದು, ಮನೆಗಳನ್ನೆಲ್ಲ ತೊಳೆದು ಸುಣ್ಣ ಹೊಡೆದಾದ ಮೇಲೆ ಶಾಲೆಯಲ್ಲಿ ಸಭೆ ಸೇರಿತು. ಪುರಸಭೆಯ ಇಂಜಿನಿಯರು ಎದ್ದು ನಿಂತು, ಹವಾಮಾನವೇ ಬದಲಾಗಿದೆ, ಭೂಮಿ ಕಾಯುತ್ತಿದೆ, ಮಳೆ ಮೊದಲಿನ ಹಾಗೆ ಹಂಚಿಕೊಂಡು ಬರುವುದಿಲ್ಲ, ಬಂದರೆ ಒಂದೇ ಸಲ ಸುರಿಯುತ್ತದೆ, ಇನ್ನು ಮುಂದೆ ಹೀಗೇ ಎಂದ. ಪಾಪ, ಅವನ ಮುಖವೂ ಇಳಿದಿತ್ತು. ನೀರಿನ ಮಟ್ಟ ಮರೆತುಹೋಗದಂತೆ ಪ್ರತಿ ಮನೆಗೂ ಒಂದು ಗೆರೆ ಎಳೆಸೋಣ, ಮುಂದಿನ ಸಲ ಸಾಮಾನು ಎಷ್ಟೆತ್ತರಕ್ಕೆ ಇಡಬೇಕೆಂದು ಗೊತ್ತಿರುತ್ತದೆ ಎಂದು ತೀರ್ಮಾನವಾಯಿತು. ಗೆರೆ ಅಂದಮೇಲೆ ಪೇಂಟರಮ್ಮ ಇದ್ದೇ ಇದ್ದಳಲ್ಲ.

ಅವಳು ತನ್ನ ಮನೆಯಿಂದಲೇ ಶುರುಮಾಡಿದಳು. ಅತ್ತೆ ಒಳಗಿನ ಮೆಟ್ಟಿಲಿಂದ ಎದ್ದು ಬಂದು, ಚೀಲ ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಬ್ರಷ್ಷು ಅದ್ದಿದ ಕೈ ಸರಿಯಾದ ಎತ್ತರಕ್ಕೇ ಹೋಯಿತು. ಅಷ್ಟರಲ್ಲಿ ಅವಳು ಒಮ್ಮೆ ಹಿಂತಿರುಗಿ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ, ಕೈ ತಾನಾಗಿ ಇಳಿಯಿತು. ಒಂದು ಗೇಣು, ಎರಡು ಗೇಣು, ಮೂರು ಗೇಣು. ತೊಡೆಯ ಮಟ್ಟಕ್ಕೆ ಬಂದು ನಿಂತು ಗೆರೆ ಎಳೆದುಬಿಟ್ಟಿತು.

"ಅಷ್ಟೇ ಅತ್ತೆ ಬಂದಿದ್ದು," ಎಂದಳು. "ಹೆದರಿಕೆಗೆ ಜಾಸ್ತಿ ಕಂಡಿತ್ತು ನಮಗೆ."

ಅತ್ತೆ ಗೆರೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ಒಳಗೆ ಹೋಗಿ ಚೀಲವನ್ನು ಬೀರುವಿನಲ್ಲಿಟ್ಟರು. ಅವತ್ತು ಮಧ್ಯಾಹ್ನ ಕೂತು ಹೊಟ್ಟೆತುಂಬ ಉಂಡರು, ಉಪ್ಪು ಜಾಸ್ತಿಯಾಯಿತು ಎಂದೂ ಹೇಳಿದರು. ಪೇಂಟರಮ್ಮ ಅಡುಗೆಮನೆಯಲ್ಲಿ ನಿಂತು ಖುಷಿಗೆ ಅತ್ತಳು.

ಪೇಚು ಶುರುವಾದದ್ದು ಮಾರನೇ ದಿನ. ನೀರು ಎಲ್ಲ ಮನೆಗೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ಮನೆಗೆ ತೊಡೆಯವರೆಗೆ ಬಂದ ನೀರು ಪಕ್ಕದ ಮನೆಗೆ ಗಲ್ಲದವರೆಗೆ ಬಂತು ಎಂದರೆ ಯಾರು ನಂಬುತ್ತಾರೆ? ತನ್ನ ಮನೆಯ ಗೆರೆ ಇಳಿಸಿದವಳು ಪಕ್ಕದ ಮನೆಯದ್ದನ್ನೂ ಇಳಿಸಬೇಕಾಯಿತು, ಅದರಾಚೆಯದ್ದನ್ನೂ ಇಳಿಸಬೇಕಾಯಿತು. ಗಾರೆಯವರ ಹತ್ತಿರ ಲೆವೆಲ್ ಪೈಪು ಇರುತ್ತದಲ್ಲ, ನೀರು ತುಂಬಿದ ಉದ್ದನೆಯ ತೆಳು ಪೈಪು, ಅದರ ಒಂದು ತುದಿಯನ್ನು ಈ ಮನೆಯ ಗೆರೆಗೆ ಹಿಡಿದರೆ ಇನ್ನೊಂದು ತುದಿಯ ನೀರು ಪಕ್ಕದ ಗೋಡೆಯ ಮೇಲೆ ಅದೇ ಮಟ್ಟ ತೋರಿಸುತ್ತದೆ. ಅದನ್ನು ಎರವಲು ತಂದು, ಗಂಡನಿಂದ ಒಂದು ತುದಿ ಹಿಡಿಸಿ, ಮನೆಯಿಂದ ಮನೆಗೆ ಹೋದಳು. ಸುಳ್ಳು ಬರೆದರೂ ಏರುಪೇರಿಲ್ಲದೆ ಬರೆದಳು. ಕಸುಬಿನ ಮರ್ಯಾದೆ ಬಿಟ್ಟುಕೊಡುವವಳಲ್ಲ. ಅರವತ್ತೆರಡನೇ ಮನೆ ಮುಗಿಸುವ ಹೊತ್ತಿಗೆ ಅವಳಿಗೆ ಜ್ವರ ಬಂದಂತಾಗಿತ್ತು.

ಆಶ್ಚರ್ಯವೆಂದರೆ ಬೀದಿಯಲ್ಲಿ ಯಾರೂ ಚಕಾರ ಎತ್ತಲಿಲ್ಲ. ಮರೆತಿರಬೇಕು, ಎಂದುಕೊಂಡಳು ಪೇಂಟರಮ್ಮ. ಸುಣ್ಣ ಹೊಡೆದ ಗೋಡೆಯ ಹಾಗೆ ಜನರ ತಲೆಯೂ ಬೆಳ್ಳಗಾಗಿರಬೇಕು.

ಅತ್ತೆ ಚೇತರಿಸಿಕೊಂಡರು. ಬೆಳಗಿನ ಹೊತ್ತು ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಅರ್ಧ ಗಂಟೆ ಸುಮ್ಮನೆ ಕೂರುವ ಒಂದು ಅಭ್ಯಾಸ ಮಾತ್ರ ಹೊಸದಾಗಿ ಹತ್ತಿತ್ತು. ವಯಸ್ಸಾಯಿತು, ತೂಕಡಿಸುತ್ತಾರೆ ಎಂದು ಮನೆಯವರು ಬಿಟ್ಟಿದ್ದರು. ಕೆಟ್ಟದ್ದು ಪೇಂಟರಮ್ಮನ ನೆಮ್ಮದಿ. ಅವಳಿಗೆ ನಿಜ ಗೊತ್ತಿತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಫೋನಿನಲ್ಲಿ ದಿನಕ್ಕೆ ಹತ್ತು ಸಲ ಹವಾಮಾನ ನೋಡುವಳು. ಎಲ್ಲೋ ಕಾಡು ಹೊತ್ತಿ ಉರಿಯಿತು, ಎಲ್ಲೋ ಹಿಮ ಕರಗಿತು ಎಂದು ಟಿವಿಯಲ್ಲಿ ಬಂದರೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುವುದು. ಬೀದಿಯಲ್ಲಿ ಹೋಗುವಾಗ ತಾನೇ ಎಳೆದ ಗೆರೆಗಳನ್ನು ನೋಡಲಾಗದೆ ತಲೆ ತಗ್ಗಿಸಿ ನಡೆಯುವಳು. ಪೇಂಟರಮ್ಮನಿಗೆ ಈಚೆಗೆ ವಿನಯ ಬಂದಿದೆ ಎಂದು ಬೀದಿಯವರು ಮಾತಾಡಿಕೊಂಡರು.

ಹೀಗೆ ನಾಲ್ಕು ವರ್ಷ. ಈ ಸಲ ಮಳೆ ಹಿಡಿದ ಐದನೇ ದಿನ ಬೆಳಿಗ್ಗೆ ಪುರಸಭೆಯ ಜೀಪು ಮೈಕು ಕಟ್ಟಿಕೊಂಡು ಬಂತು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಿದ್ದಾರೆ, ನಾಳೆ ಮಧ್ಯಾಹ್ನದ ಹೊತ್ತಿಗೆ ಹೊಳೆ ಬೀದಿಗೆ ಬರಬಹುದು, ಹಿಂದಿನ ಸಲದ ಮಟ್ಟ ಮುಟ್ಟಿದರೂ ಮುಟ್ಟಬಹುದು. ಕೊನೆಗೆ ಮೈಕು ಹೇಳಿತು: "ನಿಮ್ಮ ನಿಮ್ಮ ಮನೆಯ ನೀಲಿ ಗೆರೆ ನೋಡಿಕೊಂಡು ಸಾಮಾನುಗಳನ್ನು ಅದಕ್ಕಿಂತ ಮೇಲೆ ಇಟ್ಟುಕೊಳ್ಳಬೇಕಾಗಿ ವಿನಂತಿ."

ಪೇಂಟರಮ್ಮನ ಎದೆ ಧಸಕ್ಕೆಂದಿತು. ಮೇಣದಬತ್ತಿ ತರುವ ನೆಪ ಮಾಡಿಕೊಂಡು ಮನೆಯಿಂದ ಹೊರಬಿದ್ದಳು. ಹೊಳೆಯ ಕಡೆಯ ಕೊನೆಮನೆಯ ಮುಂದೆ ಬಂದಾಗ ಆ ಮನೆಯ ಸೊಸೆ ಕಿಟಕಿಯಿಂದಲೇ ಕರೆದಳು.

ಕೊನೆಮನೆಯವರು ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ಹಿಂದಿನ ನೀರನ್ನು ಕಂಡವರಲ್ಲ. ಗಂಡ ಲಿಫ್ಟ್ ರಿಪೇರಿಯವನು, ಕೆಲಸದ ಮೇಲೆ ಬೇರೆ ಊರಿಗೆ ಹೋದವನು ರಸ್ತೆ ಮುಚ್ಚಿದ್ದರಿಂದ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಮನೆಯಲ್ಲಿದ್ದವರು ಸೊಸೆ ಮತ್ತು ಅವಳ ಮಾವ. ಮಾವ ನಲವತ್ತು ವರ್ಷ ಬಸ್ಸು ಓಡಿಸಿದವರು, ಬೀದಿಗೆಲ್ಲ ಡ್ರೈವರಜ್ಜ. ಈಗ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಂಚ ಹಿಡಿದಿದ್ದರು.

"ಬನ್ನಿ ಆಂಟಿ, ಒಂದು ನಿಮಿಷ ಒಳಗೆ ಬಂದು ನೋಡಿ," ಎಂದು ಸೊಸೆ ಕೈಹಿಡಿದು ಕರೆದುಕೊಂಡು ಹೋದಳು.

ಹೊರಗಿನ ನೀಲಿ ಗೆರೆಗೆ ಸಮವಾಗಿ ಕಿಟಕಿಯೊಳಗಿಂದ ದಾರ ಕಟ್ಟಿ, ಆ ಎತ್ತರವನ್ನು ಅವಳು ಒಳಗೋಡೆಗೆ ತಂದಿದ್ದಳು. ಮಂಚದ ನಾಲ್ಕೂ ಕಾಲಿನ ಕೆಳಗೆ ಇಟ್ಟಿಗೆ ಪೇರಿಸಿದ್ದಳು. ಮಂಚ ದಾರಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಮಂಚದ ಮೇಲೆ ಡ್ರೈವರಜ್ಜ ಗೋಡೆಗೆ ದಿಂಬು ಕೊಟ್ಟು ಮಲಗಿದ್ದರು. ಪಕ್ಕದಲ್ಲಿ ಬಿಸ್ಕೆಟ್ ಡಬ್ಬಿ, ನೀರಿನ ಬಾಟಲಿ, ಔಷಧಿಯ ಚೀಲ.

"ಮೂರು ದಿನದಿಂದ ಒಬ್ಬಳೇ ಇಟ್ಟಿಗೆ ಹೊತ್ತೆ. ಶಾಲೆಗೆ ಬನ್ನಿ ಅಂತ ಪುರಸಭೆಯವರು ಹೇಳಿದ್ರು, ಇವರನ್ನ ಹೇಗೆ ಎತ್ಕೊಂಡು ಹೋಗಲಿ? ನಿಮ್ಮ ಗೆರೆ ಇದೆಯಲ್ಲ, ಅದರಿಂದ ಧೈರ್ಯ ಬಂತು. ಗೆರೆವರೆಗೆ ಬಂದ್ರೂ ಮಾವನಿಗೆ ನೀರು ತಾಕಲ್ಲ. ನಾನೂ ಮೇಲೇ ಕೂತ್ಕೋತೀನಿ. ಎಲ್ಲಿಗೂ ಹೋಗಲ್ಲ ನಾವು."

ಪೇಂಟರಮ್ಮ ದಾರವನ್ನು ನೋಡಿದಳು, ಗೋಡೆಯನ್ನು ನೋಡಿದಳು. ನಿಜವಾದ ಮಟ್ಟ ಎಲ್ಲಿ ಬರುತ್ತದೆಂದು ಅವಳ ಕಣ್ಣು ಲೆಕ್ಕ ಹಾಕಿ ಆಗಿತ್ತು: ಮಲಗಿದ ಅಜ್ಜನ ಎರಡಡಿ ಮೇಲೆ, ಗೋಡೆಯ ಸ್ವಿಚ್ಚಿನ ಹತ್ತಿರ. "ನೋಡೋಣಮ್ಮ, ಬರ್ತೀನಿ," ಎಂದಷ್ಟೇ ಹೇಳಿ ಹೊರಗೆ ಬಂದುಬಿಟ್ಟಳು. ಹೇಳಬೇಕಾಗಿತ್ತು. ಅಲ್ಲೇ, ಆಗಲೇ ಹೇಳಬೇಕಾಗಿತ್ತು. ಹೇಡಿಯ ಹಾಗೆ ಓಡಿಬಂದೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಆದರೆ ಹೇಳಿದರೆ ಒಂದು ಗಂಟೆಯಲ್ಲಿ ಬೀದಿಗೆಲ್ಲ ಗೊತ್ತಾಗುತ್ತದೆ, ಅತ್ತೆಯ ಕಿವಿಗೂ ಬೀಳುತ್ತದೆ. ಮತ್ತೆ ಚೀಲ, ಮತ್ತೆ ಮೆಟ್ಟಿಲು. ಎಂಬತ್ತು ದಾಟಿದ ಜೀವ ಇನ್ನೊಂದು ಸಲ ತಡೆದುಕೊಳ್ಳುತ್ತದೆಯೇ?

ಅತ್ತೆ ಹಿಂದಿನ ಕೋಣೆಯಲ್ಲಿ ಎಂದಿನಂತೆ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೊರಗೆ ಮಳೆ ಧೋ ಎನ್ನುತ್ತಿತ್ತು. ಪೇಂಟರಮ್ಮ ಅವರ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತಳು.

"ಅತ್ತೆ, ನಾನೊಂದು ತಪ್ಪು ಮಾಡಿದೀನಿ. ಆ ಗೆರೆ ಸುಳ್ಳು."

"ಗೊತ್ತಮ್ಮ."

"ಏನು ಗೊತ್ತು?"

"ಸುಳ್ಳು ಅಂತ. ನೀರು ನನ್ನ ಗಲ್ಲಕ್ಕೆ ಬಂದಿತ್ತು. ನೀನು ಬಂದು ತೊಡೆ ಹತ್ರ ಗೆರೆ ಎಳೆದ್ರೆ ನಾನು ನಂಬಬೇಕಾ? ನನ್ನ ಗಲ್ಲ ಏನು ತೊಡೆಯಲ್ಲಿದೆಯಾ?"

ಪೇಂಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತೆ ಅವತ್ತು ಚೀಲ ಒಳಗಿಟ್ರಿ. ಊಟ ಮಾಡಿದ್ರಿ."

"ನೀನು ನಾಲ್ಕು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ನನ್ನ ಮುಖ ನೋಡಿ ನೋಡಿ ನೀನೇ ಸೊರಗ್ತಾ ಇದ್ದೆ. ನಾನು ಉಂಡ್ರೆ ನೀನೂ ಉಣ್ತೀಯ ಅಂತ ಉಂಡೆ. ನಿಜ ಹೇಳಬೇಕು ಅಂದ್ರೆ ಅವತ್ತು ಗಂಟಲಲ್ಲಿ ಇಳೀಲೇ ಇಲ್ಲ."

ನಾಲ್ಕು ವರ್ಷ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಕಾಪಾಡುತ್ತಾ ಇಬ್ಬರೂ ಒಳಗೊಳಗೇ ಬೇಯುತ್ತಿದ್ದರು. ಇದಕ್ಕಿಂತ ಅತ್ತೆ ಸೊಸೆ ಜುಟ್ಟು ಹಿಡಿದು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಅತ್ತೆ ಎದುರಿನ ಗೋಡೆಯತ್ತ ಬೆರಳು ತೋರಿಸಿದರು. ಖಾಲಿ ಗೋಡೆಯ ಮೇಲೆ ಒಂದು ಮೊಳೆ ಇತ್ತು. ಅದಕ್ಕೆ ಏನನ್ನೂ ನೇತುಹಾಕಿರಲಿಲ್ಲ.

"ಅದನ್ನ ನಾನೇ ಹೊಡೆದದ್ದು. ನೀರು ನಿಜವಾಗಿ ಬಂದಿದ್ದು ಅಲ್ಲಿಗೆ. ನೀನು ಗೆರೆ ಎಳೆದ ಮಾರನೇ ದಿನದಿಂದ ಅದರ ಮುಂದೆ ಕೂತ್ಕೋತಿದೀನಿ."

"ನಾನು ತೂಕಡಿಸ್ತೀರಿ ಅಂದ್ಕೊಂಡಿದ್ದೆ."

"ಒಂದೊಂದು ದಿನ ತೂಕಡಿಸ್ತೀನಿ, ಸುಳ್ಳು ಯಾಕೆ ಹೇಳಲಿ. ಆದ್ರೆ ಮೊದಮೊದಲು ಕೂರೋಕೇ ಆಗ್ತಿರಲಿಲ್ಲ. ಮೊಳೆ ನೋಡಿದ್ರೆ ಮೈಯೆಲ್ಲ ನಡುಕ, ಕೈಯಲ್ಲಿರೋ ಕಾಫಿ ಸೀರೆ ಮೇಲೆ. ಎದ್ದು ಓಡಬೇಕು ಅನ್ಸೋದು. ಓಡಲಿಲ್ಲ. ಇಲ್ಲಿವರೆಗೆ ಬಂದಿತ್ತು, ಮತ್ತೆ ಬರುತ್ತೆ, ಅಂತ ಬಾಯಿಬಿಟ್ಟು ಹೇಳ್ಕೊಂಡೆ. ದಿನಾ ಹೇಳ್ಕೊಂಡೆ. ಒಂದು ದಿನ ನೋಡ್ತೀನಿ, ಕಾಫಿ ಮುಗಿದಿತ್ತು, ಒಂದು ಹನಿ ಚೆಲ್ಲಿರಲಿಲ್ಲ."

"ಅಂದ್ರೆ ಭಯ ಹೋಯ್ತಾ?"

"ಎಲ್ಲಿಗೆ ಹೋಗುತ್ತೆ? ಹೇಳದೆ ಕೇಳದೆ ಬಂದ ನೆಂಟರ ಹಾಗೆ ಅದು. ಬಾಗಿಲು ಹಾಕಿದ್ರೆ ಹೊರಗೆ ನಿಂತು ಬಡೀತಾನೇ ಇರ್ತಾರೆ. ಒಳಗೆ ಕರೆದು ಒಂದು ಕಡೆ ಕೂರಿಸಿದ್ರೆ ನಮ್ಮ ಕೆಲಸ ನಾವು ಮಾಡ್ಕೋಬಹುದು."

"ನೀರು ಬರದೆ ಇರಲಿ ಅಂತ ಬೇಡ್ಕೊಳ್ಳಲ್ವಾ?"

"ಬೇಡ್ಕೋತಿದ್ದೆ. ಬಿಟ್ಟೆ. ಕಾಲ ಕೆಟ್ಟಿದೆ, ಹೊಳೆ ಬರೋದು ಬರುತ್ತೆ. ಬಂದಾಗ ನನ್ನ ಕೈಕಾಲು ಆಡಲಿ, ಪಕ್ಕದಲ್ಲಿರೋರು ನನ್ನ ಕಣ್ಣಿಗೆ ಕಾಣಲಿ, ಅಂತ ಕೇಳ್ಕೋತೀನಿ. ಅಷ್ಟು ಕೊಟ್ರೆ ಸಾಕು." ಅತ್ತೆ ಸ್ಟೂಲಿನಿಂದ ಎದ್ದರು. "ಇಲ್ಲಿ ಕೂತ್ಕೋ. ಐದು ನಿಮಿಷ. ನೋಡು."

ಪೇಂಟರಮ್ಮ ಕೂತಳು. ಮೊಳೆ ನೋಡಿದಳು. ಮೊದಲು ಬಂದದ್ದು ನೀರೇ: ಕಪ್ಪು ನೀರು, ಅದರಲ್ಲಿ ತೇಲುತ್ತಿದ್ದ ಟೈಲರಂಗಡಿಯ ಬಟ್ಟೆಗಳು, ಅತ್ತೆಯ ಬೆಳ್ಳಗಾದ ಮುಖ. ಕಾಲು ತಣ್ಣಗಾಯಿತು, ಉಸಿರು ಮೇಲೇ ನಿಂತಿತು. ಎದ್ದುಬಿಡೋಣ ಎಂದುಕೊಂಡಳು. ಅತ್ತೆಯ ಕೈ ಹೆಗಲ ಮೇಲಿತ್ತು. ಇಲ್ಲಿವರೆಗೆ ಬಂದಿತ್ತು, ಎಂದಳು ಮೆಲ್ಲಗೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅದು ಅವಳ ಬಾಯಿಂದ ಹೊರಬಂದಿತ್ತು. ಮತ್ತೆ ಬರುತ್ತೆ, ಎಂದಳು. ಇನ್ನೂ ಎರಡು ಸಲ ಹೇಳಿದಳು. ಸ್ವಲ್ಪ ಹೊತ್ತಿಗೆ ಉಸಿರು ಕೆಳಗಿಳಿಯಿತು. ಎದುರಿಗಿದ್ದದ್ದು ಒಂದು ಗೋಡೆ, ಒಂದು ಮೊಳೆ. ಹೆದರಿಕೆ ಇತ್ತು, ಆದರೆ ಅದರ ಪಕ್ಕದಲ್ಲಿ ಅವಳೂ ಇದ್ದಳು. ಎದೆಯ ಮೇಲೆ ನಾಲ್ಕು ವರ್ಷದಿಂದ ಕೂತಿದ್ದ ಕಲ್ಲು ಕೆಳಗಿಳಿದಂತೆ ಹಗುರವಾಯಿತು. ಇನ್ನೂ ಏನೂ ಸರಿಹೋಗಿರಲಿಲ್ಲ, ಆದರೂ ಹಗುರವಾಯಿತು.

"ಎರಡಡಿ ಮೂರಿಂಚು," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಟೈ‌ಲರ್ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದ.

"ಏನದು?"

"ನೀನು ಕಡಿಮೆ ಮಾಡಿದ್ದು. ಅವತ್ತೇ ಅಳೆದಿದ್ದೆ."

"ಅಳೆದೂ ಸುಮ್ಮನಿದ್ರಾ?"

"ನನ್ನ ಕಸುಬು ಗೊತ್ತಲ್ಲ. ಗಿರಾಕಿ ಸೊಂಟ ಮೂವತ್ತು ಅಂದ್ರೆ ಮೂವತ್ತು ಅಂತ ಬರ್ಕೊಂಡು ಮೂವತ್ತನಾಲ್ಕಕ್ಕೆ ಹೊಲೀತೀನಿ. ಬೇಜಾರು ಯಾಕೆ ಮಾಡ್ಲಿ ಅಂತ."

ಪೇಂಟರಮ್ಮ ಗಂಡನನ್ನು ದುರುಗುಟ್ಟಿಕೊಂಡು ನೋಡಿ, ಪೆಟ್ಟಿಗೆಯಿಂದ ಒಂದು ಹಿಡಿ ಸೀಮೆಸುಣ್ಣ ತೆಗೆದುಕೊಂಡು ಮಳೆಗೆ ಇಳಿದಳು. ಮೊದಲು ಹೋದದ್ದು ಕೊನೆಮನೆಗೆ.

ಒಂದೇ ಉಸಿರಿಗೆ ಹೇಳಿದಳು. ಗೆರೆ ತಪ್ಪು, ಬೇಕೆಂದೇ ತಪ್ಪಾಗಿ ಎಳೆದೆ, ನೀರು ಮೂರು ಗೇಣು ಮೇಲೆ ಬಂದಿತ್ತು. ಒಳಗೋಡೆಯ ಮೇಲೆ ಸ್ವಿಚ್ಚಿನ ಹತ್ತಿರ ಸೀಮೆಸುಣ್ಣದಲ್ಲಿ ಗೀಟು ಹಾಕಿ ತೋರಿಸಿದಳು. ಸೊಸೆ ಗೀಟನ್ನು ನೋಡಿದಳು, ಮಂಚವನ್ನು ನೋಡಿದಳು. ಅವಳ ತುಟಿ ಬಿಳಿಚಿಕೊಂಡಿತು.

"ಎರಡು ವರ್ಷದಿಂದ ದಿನಾ ಆ ಗೆರೆ ನೋಡಿ ಸಮಾಧಾನ ಮಾಡ್ಕೋತಿದ್ದೆ ಆಂಟಿ," ಎಂದಳು. ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ಬೆಳಿಗ್ಗೆ ಇಲ್ಲೇ ನಿಂತಿದ್ರಲ್ಲ, ಆಗ ಯಾಕೆ ಹೇಳಲಿಲ್ಲ? ಇವರನ್ನ ಇಲ್ಲಿ ಮಲಗಿಸಿ..."

ಪೇಂಟರಮ್ಮ ತಲೆ ತಗ್ಗಿಸಲಿಲ್ಲ. "ನನ್ನದೇ ತಪ್ಪು," ಎಂದಳು.

ಮಂಚದ ಮೇಲಿಂದ ಡ್ರೈವರಜ್ಜ ಕೆಮ್ಮಿದರು. "ಮೊದಲು ಗಾಡಿ ತೆಗೀರಿ. ಜಗಳ ಆಮೇಲೆ ಆಡಬಹುದು."

ಮಂಚ ಇಟ್ಟಿಗೆಗಳ ಮೇಲೆ ಭಾರವಾಗಿ ಕೂತಿತ್ತು, ಬಾಗಿಲಲ್ಲಿ ಹಿಡಿಸುವಂತಿರಲಿಲ್ಲ. ಟೈಲರ್ ತನ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಉದ್ದ ಹಲಗೆಯನ್ನು ಹೊತ್ತು ತಂದ. ಅದರ ಮೇಲೆ ಹಾಸಿಗೆ ಹಾಕಿ ಅಜ್ಜನನ್ನು ಮಲಗಿಸುವುದು, ನಾಲ್ಕು ಜನ ಹೊತ್ತು ದಿಬ್ಬದ ಮೇಲಿನ ಶಾಲೆಗೆ ಸಾಗಿಸುವುದು ಎಂದಾಯಿತು. ಟೈಲರ್ ಹೊರುವವರನ್ನು ಕರೆಯಲು ಹೋದ, ಪೇಂಟರಮ್ಮ ಉಳಿದ ಮನೆಗಳಿಗೆ ಹೋದಳು.

ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು. ಹಾಲಿನ ಬೂತಿನವನು ಅವಳ ಮಾತನ್ನು ಪೂರ್ತಿ ಕೇಳಿ, "ಗೊತ್ತು ಬಿಡಿ," ಎಂದ. "ನಮ್ಮ ಬೀರು ಹಿಂದಿನ ಗೋಡೆಗೆ ಸುಣ್ಣ ಹೊಡೆದೇ ಇಲ್ಲ. ಕಲೆ ಅಲ್ಲೇ ಇದೆ. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ವಿ." ಪಕ್ಕದ ಮನೆಯವಳು, "ನನ್ನ ಮಗಳು ಆ ಗೆರೆ ನೋಡಿ ಧೈರ್ಯವಾಗಿದ್ದಾಳೆ, ಕೆದಕೋದು ಯಾಕೆ ಅಂತ ನಾನು ಬಾಯಿ ಬಿಡಲಿಲ್ಲ," ಎಂದಳು. ಮಗಳು ಒಳಗಿನಿಂದ, "ಅಮ್ಮ ಧೈರ್ಯವಾಗಿರಲಿ ಅಂತ ನಾನೂ ಬಾಯಿ ಬಿಡಲಿಲ್ಲ," ಎಂದಳು. ಮುಂದಿನ ಮನೆಯಲ್ಲೂ ಇದೇ ಕತೆ, ಅದರ ಮುಂದಿನದರಲ್ಲೂ ಇದೇ. ನೀರು ಕಂಡ ಒಬ್ಬರೂ ಮರೆತಿರಲಿಲ್ಲ. ತಮಾಷೆಯೆಂದರೆ, ಅಥವಾ ತಮಾಷೆಯಲ್ಲ ಎಂದರೂ ಸರಿಯೇ, ನಿಜ ಗೊತ್ತಿದ್ದವರೆಲ್ಲರೂ ಅಕ್ಕಿ ಡಬ್ಬಿ, ಹಾಸಿಗೆ, ಕಾಗದಪತ್ರಗಳನ್ನು ಸುಳ್ಳು ಗೆರೆಗಿಂತ ಸ್ವಲ್ಪ ಮೇಲೆ ಇಟ್ಟುಕೊಂಡು ಕೂತಿದ್ದರು. ಗೊತ್ತಿರುವುದೇ ಬೇರೆ, ಗೊತ್ತಿರುವಂತೆ ಬದುಕುವುದೇ ಬೇರೆ.

ಬೈದವನು ಜೆರಾಕ್ಸ್ ಅಂಗಡಿಯವನೊಬ್ಬನೇ. ಅವನೂ ಹೊಸಬ, ಗೆರೆ ನಂಬಿ ಮೆಷಿನ್ನುಗಳಿಗೆ ಅಷ್ಟೇ ಎತ್ತರದ ಕಟ್ಟೆ ಕಟ್ಟಿಸಿದ್ದ. ಬಾಯಿಗೆ ಬಂದಂತೆ ಬೈದ. ಪೇಂಟರಮ್ಮ ನಿಂತು ಕೇಳಿಸಿಕೊಂಡಳು. ಬೈದು ಮುಗಿಸಿ, ಮೆಷಿನ್ನುಗಳನ್ನು ಮಹಡಿಗೆ ಸಾಗಿಸಿ, ಅದೇ ಸಿಟ್ಟಿನಲ್ಲಿ ಬಂದು ಡ್ರೈವರಜ್ಜನ ಹಲಗೆಗೆ ಹೆಗಲು ಕೊಟ್ಟ. ಇನ್ನೊಂದು ಮೂಲೆಗೆ ಹಾಲಿನ ಬೂತಿನವನು, ಮೂರನೆಯದಕ್ಕೆ ಟೈಲರ್, ನಾಲ್ಕನೆಯದಕ್ಕೆ ಪೇಂಟರಮ್ಮ. ಮುಂದೆ ಸೊಸೆ ಕೊಡೆ ಹಿಡಿದಿದ್ದಳು. ಹಿಂದೆ ಅತ್ತೆ, ಚೀಲ ಹೆಗಲಿಗೇರಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ತಮ್ಮ ಪಾಡಿಗೆ ನಡೆದು ಬಂದರು. ಅಜ್ಜ ಮಲಗಿದ್ದಲ್ಲಿಂದಲೇ "ಬಲಕ್ಕೆ, ಬಲಕ್ಕೆ, ಗುಂಡಿ ಇದೆ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಉಳಿದವರೂ ಸಾಮಾನುಗಳನ್ನು ನಿಜವಾದ ಮಟ್ಟಕ್ಕಿಂತ ಮೇಲೇರಿಸಿ ಹೊರಟರು, ಸಂಜೆಗೆ ಮುಂಚೆ ಬೀದಿ ಖಾಲಿಯಾಯಿತು.

ಮಾರನೇ ದಿನ ಮಧ್ಯಾಹ್ನ ಹೊಳೆ ಬಂತು. ಶಾಲೆಯ ಮಹಡಿಯ ಕಿಟಕಿಯಿಂದ ಎಲ್ಲರೂ ನೋಡಿದರು. ಮೊದಲು ಚರಂಡಿಗಳು ಉಕ್ಕಿದವು, ಆಮೇಲೆ ಬೀದಿ ಕಾಣದಾಯಿತು. ಪೇಂಟರಮ್ಮನೊಳಗೆ ಹಳೆಯ ಹೆದರಿಕೆ ಎದ್ದಿತು. ಬಂದೆಯಾ, ಕೂತುಕೋ, ಎಂದುಕೊಂಡು ಅವಳು ಮಕ್ಕಳಿಗೆ ಬೆಂಚು ಜೋಡಿಸಲು ಹೋದಳು. ಎರಡು ದಿನ ಒಂದೇ ಕೋಣೆಯಲ್ಲಿದ್ದರೂ ಕೊನೆಮನೆಯ ಸೊಸೆ ಅವಳೊಂದಿಗೆ ಮಾತಾಡಲಿಲ್ಲ. ಮಾತಾಡಿಸುವ ಅವಸರ ಇವಳೂ ಮಾಡಲಿಲ್ಲ.

ಮೂರನೇ ದಿನ ನೀರು ಇಳಿಯಿತು. ಬೀದಿಯವರು ಪೊರಕೆ ಬಕೆಟ್ಟು ಹಿಡಿದು ಇಳಿದರು. ಈ ಸಲ ಹಿಂದಿನಷ್ಟು ಬಂದಿರಲಿಲ್ಲ. ಹಸಿ ಕಲೆ ನೀಲಿ ಗೆರೆಯನ್ನು ದಾಟಿ ಒಂದೂವರೆ ಗೇಣು ಮೇಲೆ ನಿಂತಿತ್ತು. ಅಕ್ಕಿ ಡಬ್ಬಿಗಳು ನೆನೆದಿರಲಿಲ್ಲ, ಕಾಗದಪತ್ರ ನೆನೆದಿರಲಿಲ್ಲ, ಜೆರಾಕ್ಸ್ ಮೆಷಿನ್ನುಗಳು ಮಹಡಿಯಲ್ಲಿ ಬೆಚ್ಚಗಿದ್ದವು. ಯಾರ ಮನೆಯಲ್ಲೂ ಜೀವಕ್ಕೆ ತೊಂದರೆಯಾಗಿರಲಿಲ್ಲ. ಪೇಂಟರಮ್ಮ ಕೊನೆಮನೆಗೆ ಹೋದಾಗ ಸೊಸೆ ಕೋಣೆಯ ನಡುವೆ ಕೆಸರಿನಲ್ಲಿ ನಿಂತಿದ್ದಳು. ಇಟ್ಟಿಗೆಗಳ ಮೇಲೆ ಮಂಚ ಅಲುಗದೆ ಹಾಗೇ ಇತ್ತು. ಅದರ ಮೇಲೆಲ್ಲ ಸಮನಾಗಿ ಕೆಸರು ಹರಡಿತ್ತು. ಮಂಚಕ್ಕಿಂತ ಒಂದು ಗೇಣು ಮೇಲೆ, ಅಜ್ಜ ದಿಂಬು ಕೊಟ್ಟು ಮಲಗುತ್ತಿದ್ದ ಗೋಡೆಯ ಮೇಲೆ, ನೀರಿನ ಕಲೆ ಎದ್ದು ಕಾಣುತ್ತಿತ್ತು.

ಸೊಸೆ ಪೇಂಟರಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. "ಸಿಟ್ಟು ಇನ್ನೂ ಹೋಗಿಲ್ಲ ಆಂಟಿ," ಎಂದಳು ಕೊನೆಗೆ, ಅಳುತ್ತಾ.

"ಇರಲಿ ಬಿಡು. ಪೊರಕೆ ಎಲ್ಲಿದೆ?"

ಇಬ್ಬರೂ ಸೇರಿ ತೊಳೆದರು. ಗೋಡೆ ಆರಿದ ಮೇಲೆ ಪೇಂಟರಮ್ಮ ನೀಲಿ ಬಣ್ಣದ ಡಬ್ಬಿ ತಂದಳು. ಮಂಚದ ಎದುರಿನ ಗೋಡೆಯ ಮೇಲೆ, ಮಲಗಿದವರಿಗೆ ಕಾಣುವಂತೆ, ಎರಡು ಗೆರೆ ಎಳೆದಳು: ಈ ವರ್ಷದ್ದೊಂದು, ನಾಲ್ಕು ವರ್ಷದ ಹಿಂದಿನದೊಂದು. ಪಕ್ಕದಲ್ಲಿ ತಾರೀಕು ಬರೆದಳು.

ಮಧ್ಯಾಹ್ನದ ನಂತರ ಡ್ರೈವರಜ್ಜ ಅದೇ ಹಲಗೆಯ ಮೇಲೆ ಮನೆಗೆ ಬಂದರು. ಇಟ್ಟಿಗೆ ತೆಗೆದ ಮಂಚದ ಮೇಲೆ, ಒಗೆದ ಹೊದಿಕೆಯ ಮೇಲೆ ಮಲಗಿಸಿದರು. ಅಜ್ಜ ಎರಡು ಗೆರೆಗಳನ್ನೂ ನೋಡಿದರು. ತಮ್ಮ ಎದೆಯ ಎತ್ತರವನ್ನು ಕೈಯಿಂದ ಅಂದಾಜು ಮಾಡಿ, ಆ ಕೈಯನ್ನು ಗೆರೆಯ ಕಡೆಗೆ ಎತ್ತಿ ನೋಡಿದರು. ಆಮೇಲೆ ಪೇಂಟರಮ್ಮನ ಕಡೆ ತಿರುಗಿ ಕೇಳಿದರು:

"ಮತ್ತೆ ಬರುತ್ತೇನಮ್ಮ?"

ಟೈಲರ್ ಟೇಪನ್ನು ಸುತ್ತುತ್ತಾ ಹೆಂಡತಿಯ ಮುಖ ನೋಡಿದ. ಸೊಸೆ ನೋಡಿದಳು. ಇನ್ನೆಲ್ಲಿ ಬರುತ್ತೆ ಬಿಡಿ ಅಜ್ಜ, ಎಂಬ ಮಾತು ಪೇಂಟರಮ್ಮನ ನಾಲಿಗೆಯ ತುದಿಯವರೆಗೆ ಬಂದಿತ್ತು.

"ಬರುತ್ತೆ ಅಜ್ಜ," ಎಂದಳು.

"ಯಾವಾಗ?"

"ಗೊತ್ತಿಲ್ಲ. ಬರೋ ಸುಳಿವು ಸಿಕ್ಕಿದ ತಕ್ಷಣ ಬಂದು ಹೇಳ್ತೀನಿ. ಹೊತ್ಕೊಂಡು ಹೋಗೋಕೆ ನಾಲ್ಕು ಜನ ಇದೀವಿ."

ಅಜ್ಜ ಇನ್ನೊಮ್ಮೆ ಗೆರೆಗಳ ಕಡೆ ನೋಡಿದರು. "ಸರಿ ಹಾಗಾದ್ರೆ," ಎಂದು ಹೊದಿಕೆಯನ್ನು ಎದೆಯ ಮೇಲಕ್ಕೆ ಎಳೆದುಕೊಂಡರು. ಹೊರಗೆ ಬೀದಿಯುದ್ದಕ್ಕೂ ಜನ ಕೆಸರು ಬಳಿಯುವ ಸದ್ದು ಕೇಳುತ್ತಿತ್ತು. ಐದು ನಿಮಿಷದಲ್ಲಿ ಅವರಿಗೆ ನಿದ್ದೆ ಹತ್ತಿತ್ತು.